ಏಳನೇ ಸಾಲು

ನಂಬರಪ್ಪನಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಕಣ್ಣಿನ ನಂಬರು ನೆನಪಿರುತ್ತಿತ್ತು. ಮೈನಸ್ ಮೂರೂವರೆ ಬಂದಿದ್ದರು, ಫ್ರೇಮಿನ ಕಡ್ಡಿ ಮುರಿದುಕೊಂಡು, ಎಂದು ಊಟದ ಹೊತ್ತಿಗೆ ಹೇಳಿದರೆ ಅದು ಬೀದಿಯ ಕೊನೆಯ ಮನೆಯ ಮೇಷ್ಟ್ರು ಎಂದು ಮನೆಯವರೇ ಅರ್ಥ ಮಾಡಿಕೊಳ್ಳಬೇಕು. ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಎರಡು ಕೋಣೆ ಮತ್ತು ಅಡಿಗೆಮನೆ. ಅಪ್ಪ ಬಿಟ್ಟುಹೋದದ್ದು ಒಂದು ಮರದ ಪೆಟ್ಟಿಗೆ ತುಂಬ ಲೆನ್ಸು, ಗೋಡೆಯ ಮೇಲೆ ಎಂಟು ಸಾಲಿನ ಅಕ್ಷರದ ಹಲಗೆ, ಮತ್ತು ತನಗಿಂತ ಚೆನ್ನಾಗಿ ಕಣ್ಣು ನೋಡುವವರು ಈ ಪೇಟೆಯಲ್ಲಿ ಇಲ್ಲ ಎನ್ನುವ ಜಂಬ. ಮೂರನ್ನೂ ಮಗ ಧೂಳು ಕೂರದ ಹಾಗೆ ಕಾಪಾಡಿಕೊಂಡು ಬಂದಿದ್ದ.

ಅಂಥವನ ಮಗಳು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೇ ಕೆಲಸದಿಂದ ಮನೆಗೆ ಬಂದಳು. ಅವಳಿಗೆ ಇಪ್ಪತ್ತನಾಲ್ಕು ವಯಸ್ಸು, ಔಷಧಿ ಅಂಗಡಿಯಲ್ಲಿ ಕೆಲಸ. ಐದು ಮಿಲಿಗ್ರಾಮಿನ ಮಾತ್ರೆ ಕೇಳಿದವರಿಗೆ ಐವತ್ತರ ಪಟ್ಟಿ ಕೊಟ್ಟುಬಿಟ್ಟಿದ್ದಳು. ಪುಣ್ಯಕ್ಕೆ ತೆಗೆದುಕೊಂಡವರು ಬಾಗಿಲಲ್ಲೇ ನಿಂತು ಓದಿ ವಾಪಸು ತಂದಿದ್ದರು. ಅಂಗಡಿಯ ಮಾಲೀಕ ಕೂಗಾಡಲಿಲ್ಲ. ಕಣ್ಣಾಸ್ಪತ್ರೆಯಿಂದ ಒಂದು ಚೀಟಿ ತಂದುಕೊಟ್ಟು ಕೆಲಸಕ್ಕೆ ಬಾ, ನಿಮ್ಮಪ್ಪನ ಚೀಟಿ ನಡೆಯೋದಿಲ್ಲ ಎಂದಿದ್ದ.

ಕೊನೆಯ ಮಾತು ನಂಬರಪ್ಪನಿಗೆ ನಾಟಿತು. ಗಿರಾಕಿಯೊಬ್ಬನನ್ನು ಅರ್ಧಕ್ಕೇ ಎಬ್ಬಿಸಿ ಮಗಳನ್ನು ಆ ಕುರ್ಚಿಯಲ್ಲಿ ಕೂರಿಸಿದ. ಪೆಟ್ಟಿಗೆ ತೆರೆದು ಒಂದೊಂದೇ ಲೆನ್ಸು ಹಾಕಿ ತೆಗೆದ. ಅವಳು ಮೊದಲ ಸಾಲಿನಿಂದ ಶುರು ಮಾಡಿ ಏಳನೆಯದರವರೆಗೆ ಒಂದು ಅಕ್ಷರವೂ ತಪ್ಪದೆ ಓದಿದಳು. ಎಂಟನೆಯದು ಅವನಿಗೇ ಕಾಣುತ್ತಿರಲಿಲ್ಲ.

ಕಣ್ಣಿಗೇನೂ ಆಗಿಲ್ಲ, ಗಮನ ಸಾಲದು ಎಂದು ತೀರ್ಪಾಯಿತು. ಆದರೂ ಇರಲಿ ಎಂದು ಅರ್ಧ ನಂಬರು ಹೆಚ್ಚಿಸಿ ಹೊಸದೊಂದು ಕನ್ನಡಕ ಮಾಡಿಟ್ಟ. ಅದು ಅವಳ ಹನ್ನೊಂದನೆಯ ಕನ್ನಡಕ. ಬಿಸಿಲಿಗೆ ಕಣ್ಣು ಚುಚ್ಚುತ್ತೆ ಎಂದಾಗ ಬಣ್ಣದ ಗಾಜು, ಕಣ್ಣಲ್ಲಿ ನೀರು ಬರುತ್ತೆ ಎಂದಾಗ ಹಗುರದ ಫ್ರೇಮು, ಹೀಗೆ ಪ್ರತಿ ದೂರಿಗೂ ಅವನ ಹತ್ತಿರ ಒಂದು ಕನ್ನಡಕವಿತ್ತು.

ಅವನ ಹೆಂಡತಿ ಬ್ರೆಡ್ಡಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಹೋಗಿ ಒಂದಕ್ಕೆ ಬರುವವಳು. ಡಾಕ್ಟರಿಗೆ ತೋರಿಸೋಣವಾ ಎಂದು ಎಂಟು ವರ್ಷದಲ್ಲಿ ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು, ನಾನೇನು ಇಲ್ಲಿ ತರಕಾರಿ ಮಾರ್ತಿದ್ದೀನಾ ಎಂದು ಕೇಳಿದ್ದ. ಈ ಸಲ ಅವಳು ಕೇಳಲಿಲ್ಲ, ಹೇಳಿದಳು. ಗುರುವಾರ ರಜ ಹಾಕಿದ್ದೀನಿ, ನೀವು ಬಂದ್ರೆ ಬನ್ನಿ, ಇಲ್ಲದಿದ್ರೆ ಅಂಗಡಿ ನೋಡಿಕೊಳ್ಳಿ ಎಂದಳು. ಅವನು ಹೋದ. ತಾನು ಸರಿ ಎಂದು ದೊಡ್ಡವರ ಬಾಯಿಂದ ಕೇಳಿಸಿಕೊಂಡು ಬರೋಣ ಎಂದೇ ಹೋದ.

ಆಸ್ಪತ್ರೆಯ ಹಲಗೆ ಬೇರೆ ಥರದ್ದು. ಅಲ್ಲಿ ಓದುವ ಅಕ್ಷರಗಳೇ ಇರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಪಕ್ಕಕ್ಕೆ ಮುಖ ಮಾಡಿ ನಿಂತಿತ್ತು. ಹಲ್ಲು ಯಾವ ಕಡೆಗಿದೆಯೋ ಬೆರಳಲ್ಲಿ ತೋರಿಸಬೇಕು. ಮಗಳು ಮೊದಲನೆಯದನ್ನು ತೋರಿಸಿದಳು. ಎರಡನೇ ಸಾಲಿನಲ್ಲಿ ಬೆರಳು ಗಾಳಿಯಲ್ಲೇ ನಿಂತಿತು.

ನಂಬರಪ್ಪ ಸುಮ್ಮನಿರಲಾರದೆ ಎದ್ದು ನಿಂತ. ಮೊನ್ನೆ ತಾನೇ ನನ್ನ ಅಂಗಡಿಯಲ್ಲಿ ಏಳನೇ ಸಾಲು ಓದಿದ್ದಾಳೆ, ನಿಮ್ಮ ಹಲಗೆಗೆ ಬೆಳಕು ಸಾಲದು ಎಂದು ಡಾಕ್ಟರಮ್ಮನಿಗೆ ಹೇಳಿದ. ಉತ್ತರ ಕೊಟ್ಟವಳು ಮಗಳು.

"ಅದು ನಂಗೆ ಬಾಯಿಪಾಠ, ಅಪ್ಪ."

ಡಾಕ್ಟರಮ್ಮ ಮಗಳ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ಸಣ್ಣ ಬೆಳಕು ಹಾಯಿಸಿ ನೋಡಿ, ನೀವೂ ಇದೇ ಕಸುಬಿನವರಲ್ಲವಾ, ಬನ್ನಿ ನೋಡಿ ಎಂದು ಅವನನ್ನು ಕರೆದರು. ಅವನು ಬಗ್ಗಿ ನೋಡಿದ. ಕರಿಗುಡ್ಡೆಯ ಮುಂದಿನ ಗಾಜಿನಂಥ ಕಾರ್ನಿಯಾ ತಿಳಿಯಾಗಿರಬೇಕಿತ್ತು. ಅದು ಹಾಲು ಕದಡಿದ ನೀರಿನ ಹಾಗಿತ್ತು, ನಡುನಡುವೆ ಬೂದುಬಣ್ಣದ ಚುಕ್ಕೆ. ಇಪ್ಪತ್ತನಾಲ್ಕು ವರ್ಷದಿಂದ ದಿನಾ ನೋಡುತ್ತಿದ್ದ ಕಣ್ಣು. ನಿದ್ದೆ ಸಾಲದೆ ಹೀಗಿದೆ ಎಂದುಕೊಳ್ಳುತ್ತಿದ್ದ.

ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಕಾರ್ನಿಯಾದ ಒಳಗೆ ಸಕ್ಕರೆಯ ಉದ್ದುದ್ದ ಸರಪಳಿಗಳಿರುತ್ತವೆ. ಒಂದು ಕಿಣ್ವ ಆ ಸರಪಳಿಯ ಕೊಂಡಿಕೊಂಡಿಗೂ ಗಂಧಕದ ಚೂರೊಂದನ್ನು ಅಂಟಿಸುತ್ತಾ ಹೋಗಬೇಕು, ಆಗಲೇ ಅದು ತಿಳಿಯಾಗಿರುವುದು. ಆ ಕಿಣ್ವವನ್ನು ಮಾಡುವ ಜೀನು ಇವಳಲ್ಲಿ ಕೆಟ್ಟಿದೆ ಅನ್ನಿಸುತ್ತೆ. ಅಂಟಿಸುವವನೇ ಇಲ್ಲದೆ ಸರಪಳಿಗಳು ಗಂಟುಗಂಟಾಗಿ ಕೂತಿವೆ. ರಕ್ತ ಪರೀಕ್ಷೆ ಮಾಡಿದರೆ ಖಚಿತವಾಗುತ್ತೆ. ಗಾಜೇ ಮಂಜಾದ ಮೇಲೆ ಅದರ ಮುಂದೆ ಎಷ್ಟು ಒಳ್ಳೆಯ ಕನ್ನಡಕ ಇಟ್ಟರೂ ಪ್ರಯೋಜನವಿಲ್ಲ. ತೀರಿಕೊಂಡವರ ಕಾರ್ನಿಯಾ ತಂದು ಕಸಿ ಮಾಡಬೇಕು, ಮೊದಲು ಒಂದು ಕಣ್ಣಿಗೆ.

"ಎಂಟು ವರ್ಷದ ಹಿಂದೆ ಕರ್ಕೊಂಡು ಬಂದಿದ್ರೆ?" ಎಂದು ಹೆಂಡತಿ ಕೇಳಿದಳು. ಗಂಡನ ಕಡೆ ನೋಡದೆ ಕೇಳಿದಳು.

ಬಂದಿದ್ದರೂ ಕಾಯಿಲೆ ನಿಲ್ಲುತ್ತಿರಲಿಲ್ಲ, ಆದರೆ ಕಸಿ ಎರಡು ಮೂರು ವರ್ಷ ಮೊದಲೇ ಆಗುತ್ತಿತ್ತು, ಇಷ್ಟು ದಿನ ಕತ್ತಲಲ್ಲಿ ತಡಕಾಡುವುದು ತಪ್ಪುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದರು. ನಂಬರಪ್ಪ ಮೊದಲರ್ಧವನ್ನು ಕೇಳಿಸಿಕೊಳ್ಳಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅವನು ಮಗಳನ್ನು ಕೇಳಿಯೇಬಿಟ್ಟ, ಯಾಕೆ ಸುಳ್ಳು ಹೇಳಿದೆ ಎಂದು. ಅವಳು ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಪಲ್ಯ ಎಲ್ಲಿದೆಯೆಂದು ಹುಡುಕಿಕೊಂಡು, ನಿಧಾನವಾಗಿ ಹೇಳಿದಳು.

"ನಂಗೆ ಎಂಟು ವರ್ಷ ಇದ್ದಾಗ ಐದನೇ ಸಾಲು ಕಾಣಲ್ಲ ಅಂದಿದ್ದೆ. ಅವತ್ತು ನೀವು ತಟ್ಟೆ ತಳ್ಳಿ ಎದ್ದು ಹೋದ್ರಿ. ಮರುದಿನಾನೂ ಉಣ್ಣಲಿಲ್ಲ. ಮೂರನೇ ದಿನ ಕಾಣತ್ತೆ ಅಂದೆ, ಉಂಡ್ರಿ."

"ಅಷ್ಟಕ್ಕೇ?"

"ಅಷ್ಟಕ್ಕೇ."

ಹಲಗೆ ಬಾಯಿಪಾಠವಾಗಿದ್ದು ಅಜ್ಜಿಯ ಕೃಪೆ. ನಂಬರಪ್ಪನ ತಾಯಿ, ಎಪ್ಪತ್ತೊಂಬತ್ತರ ಮುದುಕಿ, ಮೊಮ್ಮಗಳನ್ನು ಚಿಕ್ಕಂದಿನಲ್ಲಿ ಅಂಗಡಿಯಲ್ಲೇ ಕೂರಿಸಿಕೊಂಡು ಒಂದು ಅಕ್ಷರಕ್ಕೆ ಒಂದು ತುತ್ತಿನಂತೆ ಉಣ್ಣಿಸುತ್ತಿದ್ದಳು. ಶಾಲೆಗೆ ಹೋಗುವ ಮೊದಲೇ ಮಗುವಿಗೆ ಎಂಟು ಸಾಲೂ ಬರುತ್ತಿತ್ತು. ಬೀದಿಯವರು ಮೆಚ್ಚಿದ್ದರು, ನಂಬರಪ್ಪ ಮಿಠಾಯಿ ಕೊಡಿಸಿದ್ದ. ಈಗ ಅಜ್ಜಿ ಆ ಮಾತನ್ನೇ ಎತ್ತಲಿಲ್ಲ. ಅವಳ ತಲೆಯಲ್ಲಿ ಬೇರೆ ಪ್ರಶ್ನೆ ಕೂತಿತ್ತು.

"ಇದು ನಮ್ಮ ಕಡೆಯದಲ್ಲ," ಎಂದಳು. "ನಮ್ಮ ಮನೆತನದಲ್ಲಿ ಸಾಯೋ ತನಕ ಸೂಜಿಗೆ ದಾರ ಹಾಕಿದ್ದೀವಿ. ಈ ಬೇರು ಎಲ್ಲಿಂದ ಬಂತೋ ನಂಗೇನು ಗೊತ್ತು."

ಗೊತ್ತಿಲ್ಲ ಎಂದವಳು ಸೊಸೆಯ ಕಡೆಗೇ ನೋಡಿದಳು. ಸೊಸೆ ಇಪ್ಪತ್ತೇಳು ವರ್ಷದಲ್ಲಿ ಇಂಥ ನೂರು ನೋಟ ಅರಗಿಸಿಕೊಂಡಿದ್ದವಳು. ಕೈ ತೊಳೆದು ಬಂದು ನೆಟ್ಟಗೆ ನಿಂತಳು.

"ಸರಿ ಅತ್ತೆ. ಅವಳ ಜೊತೆ ನಮ್ಮಿಬ್ಬರ ರಕ್ತಾನೂ ಕೊಡ್ತೀವಿ. ಯಾವ ಕಡೆಯದು ಅಂತ ಕಾಗದದ ಮೇಲೇ ಬರಲಿ."

ಡಾಕ್ಟರಮ್ಮ ಮೊದಲೇ ಹೇಳಿದ್ದರು, ಹೆತ್ತವರದು ಪರೀಕ್ಷೆ ಮಾಡದೆಯೂ ಊಹಿಸಬಹುದು ಎಂದು. ಊಹೆ ಬೇಡ, ಬರೆದುಕೊಡಿ ಎಂದು ಹೆಂಡತಿ ಪಟ್ಟು ಹಿಡಿದಳು. ನಂಬರಪ್ಪ ತೋಳು ಚಾಚುವಾಗ ಮನಸ್ಸಿನಲ್ಲಿ ಬೇಡಿಕೊಂಡದ್ದನ್ನು ಹೇಳಬಾರದು, ಆದರೂ ಹೇಳಬೇಕು. ತನ್ನ ಕಡೆಯದಾಗದಿರಲಿ ಎಂದು ಬೇಡಿಕೊಂಡ.

ವರದಿಗೆ ಮೂರು ವಾರ ಎಂದರು. ಆ ಮೂರು ವಾರ ಮನೆಯಲ್ಲಿ ಸಕ್ಕರೆಯ ಯುದ್ಧ ನಡೆಯಿತು. ಸಕ್ಕರೆಯ ಸರಪಳಿ ಎನ್ನುವುದನ್ನು ಮಾತ್ರ ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೊಮ್ಮಗಳ ಚಹಾಕ್ಕೆ ಮೊದಲು ಸಕ್ಕರೆ ನಿಂತಿತು, ಆಮೇಲೆ ಹಾಲಿಗೆ, ವಾರ ಕಳೆಯುವಷ್ಟರಲ್ಲಿ ಡಬ್ಬಿಯೇ ಮಾಯವಾಗಿ ಅಜ್ಜಿಯ ಹಾಸಿಗೆಯ ಕೆಳಗೆ ಸೇರಿತು. ನಾಲ್ಕಕ್ಕೆ ಎದ್ದು ಕೆಲಸಕ್ಕೆ ಓಡುವ ಸೊಸೆ ಸಪ್ಪೆ ಚಹಾ ಕುಡಿದು ಓಡಿದಳು. ಅದು ತಿನ್ನುವ ಸಕ್ಕರೆಯಲ್ಲ, ಮೈಯೇ ಕಟ್ಟಿಕೊಳ್ಳುವ ಸಕ್ಕರೆ ಎಂದು ಮೊಮ್ಮಗಳು ಎಷ್ಟು ಹೇಳಿದರೂ ಅಜ್ಜಿ ಬಗ್ಗಲಿಲ್ಲ. ಮೈ ಕಟ್ಟಿಕೊಳ್ಳೋದು ಬಾಯಿಂದ ಹೋದದ್ದನ್ನೇ ಅಲ್ಲವೇನೇ ಎಂದು ಕೇಳಿದಳು. ಮಾತಿಗೆ ಮಾತು ಬೆಳೆದು ಒಂದು ದಿನ ಸೊಸೆ ಕಾರ್ಖಾನೆಯಿಂದ ಸಿಹಿ ಬನ್ನು ತಂದು ಎಲ್ಲರ ಎದುರಿಗೇ ಮಗಳ ಕೈಗಿತ್ತಳು. ಅಜ್ಜಿ ಆ ಹೊತ್ತು ಊಟ ಬಿಟ್ಟಳು. ಈ ಮನೆಯಲ್ಲಿ ಸಿಟ್ಟಿಗೆಲ್ಲ ಹೊಟ್ಟೆಯೇ ಬಲಿ ಎಂದು ಸೊಸೆ ಗೊಣಗಿದ್ದು ನಂಬರಪ್ಪನಿಗೂ ಕೇಳಿಸಿತು.

ಅವನ ಅಂಗಡಿಯೂ ಸಪ್ಪೆಯಾಗಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ಬೀದಿಯವರು ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಗಿರಾಕಿ ಕೂತು ಸರಸರನೆ ಓದಿದರೆ ಇವನಿಗೆ ಅನುಮಾನ. ಒಂದೆರಡು ಸಲ, ನೀವು ಮೊದಲೇ ಬಾಯಿಪಾಠ ಮಾಡಿದ್ದೀರಾ ಎಂದು ಕೇಳಿ ಬೈಸಿಕೊಂಡ. ಮೈನಸ್ ಮೂರೂವರೆಯ ಮೇಷ್ಟ್ರಂತೂ, ಬಾಯಿಪಾಠ ಮಾಡೋ ವಯಸ್ಸಾ ನಂದು ಎಂದು ಎದ್ದೇ ಹೋದರು. ಕೊನೆಗೆ ಅಪ್ಪನ ಕಾಲದ ಹಲಗೆಯನ್ನು ಗೋಡೆಯಿಂದ ಇಳಿಸಿ, ಬಾಚಣಿಗೆಯಂಥ ಗುರುತಿನ ಹಲಗೆ ತರಿಸಿ ತೂಗುಹಾಕಿದ.

ವರದಿ ಬಂದ ದಿನ ನಾಲ್ವರೂ ಊಟದ ಮೇಜಿನ ಸುತ್ತ ಕೂತಿದ್ದರು. ಅಜ್ಜಿಗೆ ಹಲಗೆಯ ಅಕ್ಷರ ಬಿಟ್ಟರೆ ಓದಲು ಬಾರದು, ಮಗಳಿಗೆ ಅಷ್ಟು ಸಣ್ಣ ಅಕ್ಷರ ಕಾಣದು. ನೀವೇ ಓದಿ ಎಂದು ಹೆಂಡತಿ ಲಕೋಟೆಯನ್ನು ಅವನ ಮುಂದಿಟ್ಟಳು. ಮೂರು ಹಾಳೆಗಳಿದ್ದವು. ಮೊದಲು ಜೀನಿನ ಹೆಸರು, ನಾಲ್ಕು ಅಕ್ಷರ ಮತ್ತು ಒಂದು ಆರು, ಸಿಎಚ್‌ಎಸ್‌ಟಿ ಆರು. ಕೆಳಗೆ ತಂದೆಯದು, ತಾಯಿಯದು, ಮಗಳದು. ಅವನು ಒಂದು ಸಲ ಮನಸ್ಸಿನಲ್ಲೇ ಓದಿಕೊಂಡ. ಹೆಂಡತಿ, ಬಾಯಿ ಬಿಟ್ಟು ಓದಿ ಎಂದಳು.

ಓದಿದ. ತಂದೆ: ಜೀನಿನ ಎರಡು ಪ್ರತಿಯಲ್ಲಿ ಒಂದು ದೋಷದ್ದು. ತಾಯಿ: ಎರಡು ಪ್ರತಿಯಲ್ಲಿ ಒಂದು ದೋಷದ್ದು. ಮಗಳು: ಎರಡೂ. ಒಂದು ಒಳ್ಳೆಯದಿದ್ದರೂ ಕಿಣ್ವಕ್ಕೆ ಸಾಕು, ಅದಕ್ಕೇ ನಿಮ್ಮಿಬ್ಬರ ಕಣ್ಣು ಚೆನ್ನಾಗಿದೆ ಎಂದು ಡಾಕ್ಟರಮ್ಮ ಬದಿಯಲ್ಲಿ ಕೈಯಲ್ಲಿ ಬರೆದಿದ್ದರು.

"ನಿನ್ನಪ್ಪನಿಂದಲೋ ನನ್ನಿಂದಲೋ ನಿಂಗೆ ಬಂದಿದೆ ಅಂತಾಯ್ತು," ಎಂದಳು ಅಜ್ಜಿ, ಮಗನಿಗೆ.

ಹೆಂಡತಿ ನಕ್ಕಳು. ಗೆದ್ದ ನಗುವಾಗಿರಲಿಲ್ಲ. "ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಸಮಪಾಲು ಹಾಕಿದ್ದು ಇದೊಂದೇ ನೋಡಿ," ಎಂದಳು. ಅದಾಗಿ ಕಣ್ಣೊರೆಸಿಕೊಂಡಳು. ಮಗಳು ಅಮ್ಮನ ಸೆರಗು ಹುಡುಕಿ ಹಿಡಿದುಕೊಂಡಳು.

ಸಂಜೆ ಸಕ್ಕರೆ ಡಬ್ಬಿ ಒಲೆಯ ಪಕ್ಕಕ್ಕೆ ವಾಪಸಾಯಿತು.

ಆಸ್ಪತ್ರೆಯ ಫೋನು ಬಂದದ್ದು ಹನ್ನೆರಡು ದಿನದ ಮೇಲೆ, ಮಧ್ಯಾಹ್ನ. ಇನ್ನೆರಡು ಗಂಟೆಯೊಳಗೆ ಬನ್ನಿ ಎಂದರು. ಯಾರ ಕಣ್ಣು ಎಂದು ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ. ಅಜ್ಜಿ ಮೊಮ್ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಾ, ಅವರ ಮನೇಲಿ ಇವತ್ತು ಒಲೆ ಹತ್ತಿರಲ್ಲ ಎಂದಳು.

ಬಲಗಣ್ಣಿಗೆ ಕಸಿಯಾಯಿತು. ಕಳಿಸಿಕೊಡುವಾಗ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಒಂದೇ ಮಾತನ್ನು ಮೂರು ಸಲ ಹೇಳಿದರು. ಬೇರೆಯವರ ಕಾರ್ನಿಯಾವನ್ನು ಮೈ ಒಪ್ಪದೆ ತಳ್ಳಬಹುದು. ತಳ್ಳಲು ಶುರುವಾದರೆ ಕಣ್ಣು ಕೆಂಪಾಗುತ್ತೆ, ಬೆಳಕು ಚುಚ್ಚುತ್ತೆ, ನೋಟ ಮಂಜಾಗುತ್ತೆ. ಆಗ ತಕ್ಷಣ ಬಂದರೆ ಉಳಿಸಬಹುದು. ಇರಲಿ ನಾಳೆ ನೋಡೋಣ ಎಂದು ನಾಲ್ಕು ದಿನ ಸುಮ್ಮನಿದ್ದರೆ ಹೋಯಿತು. ಮತ್ತೆ ಇನ್ನೊಬ್ಬರು ತೀರಿಕೊಳ್ಳುವುದನ್ನು ಕಾಯಬೇಕು, ಎರಡನೆಯದು ನಿಲ್ಲುವುದು ಇನ್ನೂ ಕಷ್ಟ.

"ಕಾಣತ್ತೆ ಅಂತ ಹೇಳೋದಲ್ಲ ನಿನ್ನ ಕೆಲಸ," ಎಂದರು ಮಗಳಿಗೆ. "ಕಾಣಲ್ಲ ಅಂತ ಹೇಳೋದು."

ಈ ಮನೆಯಲ್ಲಿ ಹದಿನಾರು ವರ್ಷದಿಂದ ಆಗದಿದ್ದ ಕೆಲಸವೇ ಅದು.

ದಿನಕ್ಕೆ ಆರು ಸಲ ಹನಿ ಹಾಕುವುದು ಅವನ ಪಾಲಿಗೆ ಬಂತು. ಅವನ ಕೈ ನಡುಗುವುದಿಲ್ಲ, ಲೆನ್ಸು ತಿಕ್ಕಿದ ಕೈ. ಪ್ರತಿ ಸಲ ಹನಿ ಹಾಕಿ, ಹೇಗಿದೆ ಎಂದು ಕೇಳುತ್ತಿದ್ದ. ಚೆನ್ನಾಗಿದೆ ಎನ್ನುತ್ತಿದ್ದಳು. ದಿನಕ್ಕೆ ಆರು ಸಲ ಚೆನ್ನಾಗಿದೆ. ಹೊಸ ಹಲಗೆಯ ಮುಂದೆ ಕೂರಿಸೋಣವೆಂದರೆ ಅದನ್ನೂ ಕಲಿತುಬಿಟ್ಟರೆ ಎಂಬ ಭಯ. ಮಲಗಿದರೆ ಇದೇ ಯೋಚನೆ.

ಹೆಂಡತಿಗೆ ಹೇಳಿಕೊಂಡ. ಅವಳು ಬಟ್ಟೆ ಹಿಂಡುತ್ತಿದ್ದಳು. ನೀವು ಕೇಳೋದು ಬಿಡಿ ರೀ ಎಂದಳು. ನಿಮ್ಮ ಮುಖ ಹಾಗೆ ಮಾಡಿಕೊಂಡು ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ಹುಟ್ಟಿದಾಗಿನಿಂದ ನಿಮ್ಮ ತಟ್ಟೆ ನೋಡಿಕೊಂಡೇ ಬೆಳೆದಿದ್ದಾಳೆ.

ಅವನು ಕೇಳುವುದನ್ನು ಬಿಟ್ಟ. ಹೇಳಿದಷ್ಟು ಸುಲಭವಾಗಿರಲಿಲ್ಲ. ಹನಿ ಹಾಕಿ ಬಾಯಿ ಬಿಗಿಹಿಡಿದು ಮೆಟ್ಟಿಲಿಳಿದು ಹೋಗುತ್ತಿದ್ದ, ಕೆಳಗೆ ಹೋಗಿ ಅದೇ ಗಾಜನ್ನು ನಾಲ್ಕು ಸಲ ಒರೆಸುತ್ತಿದ್ದ.

ಐದನೇ ವಾರಕ್ಕೆ ಮನೆಗೆ ಕಳೆ ಬಂತು. ಮಗಳು ಬ್ರೆಡ್ಡಿನ ಕವರಿನ ಮೇಲಿನ ತಾರೀಖು ಓದಿದಳು. ಅಜ್ಜಿಯ ಗದ್ದದ ಮೇಲೆ ಕೂದಲಿದೆ ಎಂದು ಹೇಳಿ ಬೈಸಿಕೊಂಡಳು. ಔಷಧಿ ಅಂಗಡಿಯ ಮಾಲೀಕ ಹೇಳಿ ಕಳಿಸಿದ, ಸೋಮವಾರದಿಂದ ಬಾ ಎಂದು. ಭಾನುವಾರ ಬೆಳಿಗ್ಗೆ ಅಜ್ಜಿ ಎಲ್ಲರಿಗೂ ಎರಡೆರಡು ಮೊಟ್ಟೆ ಬೇಯಿಸಿದಳು. ಹೆಂಡತಿಗೂ ರಜ. ನಂಬರಪ್ಪ ಎಷ್ಟೋ ದಿನದ ಮೇಲೆ ಗಿರಾಕಿಯೊಬ್ಬನ ನಂಬರಿನ ಕಥೆ ಹೇಳುತ್ತಿದ್ದ, ಪ್ಲಸ್ ಎರಡು ತನ್ನ ಹೆಂಡತಿಯ ಕನ್ನಡಕ ಹಾಕಿಕೊಂಡು ಕೋರ್ಟಿಗೆ ಹೋದದ್ದು. ಅಜ್ಜಿ ನಗುತ್ತಿದ್ದಳು.

ಮಗಳು ಮಾತ್ರ ನಗಲಿಲ್ಲ. ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು.

"ಅಪ್ಪ," ಎಂದಳು. "ಮಂಜಾಗಿದೆ. ನಿನ್ನೆ ಸಂಜೆಯಿಂದ."

ಅಜ್ಜಿಯ ನಗು ಹಾಗೇ ನಿಂತಿತು. ನಂಬರಪ್ಪನ ಬಾಯಲ್ಲಿ ತುತ್ತಿತ್ತು. ಕೈ ತಟ್ಟೆಯ ಅಂಚಿಗೆ ಹೋಯಿತು. ಮಗಳು ಅವನ ಮುಖ ನೋಡುತ್ತಿರಲಿಲ್ಲ, ಆ ಕೈಯನ್ನು ನೋಡುತ್ತಿದ್ದಳು, ಕಂಡಷ್ಟು. ಅವನು ತುತ್ತನ್ನು ನುಂಗಿದ. ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯನ್ನೂ ಎತ್ತಿ ಬಾಯಿಗಿಟ್ಟುಕೊಂಡು ಅಗಿದು ನುಂಗಿದ, ನೀರು ಕುಡಿದ.

"ಹೇಳಿದ್ದು ಒಳ್ಳೇದಾಯ್ತು ಮಗಳೇ. ಚಪ್ಪಲಿ ಹಾಕ್ಕೋ."

ಭಾನುವಾರವಾದ್ದರಿಂದ ಆಸ್ಪತ್ರೆಯಲ್ಲಿ ಡ್ಯೂಟಿಯವರು ಮಾತ್ರ ಇದ್ದರು. ಡಾಕ್ಟರಮ್ಮನನ್ನು ಮನೆಯಿಂದ ಕರೆಸಿದರು. ಆಕೆ ಯಂತ್ರದಲ್ಲಿ ನೋಡಿ, ತಳ್ಳಲು ಈಗಷ್ಟೇ ಶುರುವಾಗಿದೆ, ಬಂದ ಹೊತ್ತು ಸರಿಯಾಗಿದೆ ಎಂದರು. ಇನ್ನು ಗಂಟೆಗೊಂದು ಹನಿ, ರಾತ್ರಿಯೂ. ಉಳಿಯುತ್ತೆ ಎಂದು ನನಗನ್ನಿಸುತ್ತೆ, ಆದರೆ ಹತ್ತು ದಿನ ಕಳೆಯದೆ ಬಾಯಿಬಿಟ್ಟು ಹೇಳೋದಿಲ್ಲ ಎಂದರು. ಕೆಲಸ ಇನ್ನೊಂದು ತಿಂಗಳು ಮುಂದಕ್ಕೆ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಜನ ಕಡಿಮೆ. ಮಗಳು ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಒಳಬದಿಗೆ ಕೂತಳು, ಅವನು ಪಕ್ಕದಲ್ಲಿ. ಎರಡು ಸ್ಟಾಪು ದಾಟಿದ ಮೇಲೆ ಅವನು ಕೇಳಿದ, ಇಷ್ಟು ವರ್ಷ ಇನ್ನೂ ಏನೇನು ಕಾಣ್ತಿರಲಿಲ್ಲ ಎಂದು. ಮುಖ ಮುಂದಿನ ಸೀಟಿನ ಕಡೆಗಿತ್ತು.

ಅವಳು ಮೊದಲು ತಡೆದು ತಡೆದು ಹೇಳಿದಳು, ಆಮೇಲೆ ತಡೆಯದೆ ಹೇಳಿದಳು. ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ, ಹತ್ತುವವರನ್ನು ಕೇಳಿ ಹತ್ತುತ್ತಿದ್ದಳು. ಶಾಲೆಯಲ್ಲಿ ಕರಿಹಲಗೆ ಕಾಣುತ್ತಿರಲಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು, ಅವಳ ತಪ್ಪೆಲ್ಲ ಇವಳಿಗೂ ಬರುತ್ತಿತ್ತು. ರಸ್ತೆಯಲ್ಲಿ ಯಾರಾದರೂ ಕೈ ಬೀಸಿದರೆ ಗೊತ್ತಾಗುತ್ತಿರಲಿಲ್ಲ, ಜಂಬದವಳು ಎಂಬ ಹೆಸರು ಬಂದಿತ್ತು. ಔಷಧಿ ಅಂಗಡಿಯಲ್ಲಿ ಪಟ್ಟಿಗಳನ್ನು ಬಣ್ಣದ ಮೇಲೆ ಗುರುತಿಟ್ಟುಕೊಂಡಿದ್ದಳು, ಕಂಪನಿಯವರು ಬಣ್ಣ ಬದಲಿಸಿದ ದಿನ ಆ ತಪ್ಪಾಯಿತು. ನಂಬರಪ್ಪ ಒಂದೊಂದಕ್ಕೂ ಕಥೆ ಕೇಳುವವನ ಹಾಗೆ ಹೂಂಗುಟ್ಟುತ್ತಾ ಹೋದ.

"ನಿಮ್ಮ ಹನ್ನೊಂದು ಕನ್ನಡಕದಲ್ಲಿ ಒಂದರಿಂದಲೂ ಏನೂ ಬದಲಾಗಲಿಲ್ಲ," ಎಂದಳು. "ಒಂದರಲ್ಲಂತೂ ಮೊದಲಿಗಿಂತ ಕಮ್ಮಿ ಕಾಣ್ತಿತ್ತು. ಎರಡು ವರ್ಷ ಹಾಕ್ಕೊಂಡೆ."

"ಯಾವುದು?"

"ಕಂದು ಫ್ರೇಮಿಂದು."

ಅದು ಅವನು ಅತಿ ಮುತುವರ್ಜಿಯಿಂದ ಮಾಡಿದ್ದು, ನಾಲ್ಕು ದಿನ ಕೂತು ತನ್ನ ಕೈಯಾರೆ ತಿಕ್ಕಿದ್ದು. ಬಸ್ಸು ಅವರ ಬೀದಿಯ ತಿರುವಿಗೆ ಬಂದು ನಿಧಾನವಾಯಿತು.

"ಹೂಂ," ಎಂದ. "ಆಮೇಲೆ?"